ಮರುದಿನದ ವೆನಿಲ್ಲಾ

ಮಂಗಳವಾರ, ಬೆಳಿಗ್ಗೆ ಆರು ಗಂಟೆ

ಪ್ರೀತಿಯ ಪುಟ್ಟಿಗೆ ಅಮ್ಮನ ಮುತ್ತುಗಳು. ಅದರಲ್ಲಿ ಅರ್ಧ ಕೂಸಿನ ಕೆನ್ನೆಗೆ ದಾಟಿಸು.

ಫೋನಿರುವಾಗ ಅಮ್ಮ ಯಾಕೆ ಕಾಗದ ಹಿಡಿದು ಕೂತಳು ಎಂದು ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಾದರೆ ನಾನು ಎರಡು ಮಾತು ಆಡುವಷ್ಟರಲ್ಲಿ ನೀನು ನಾಲ್ಕು ಪ್ರಶ್ನೆ ಕೇಳುತ್ತೀಯ, ಐದನೆಯದಕ್ಕೆ ನಾನು ಸುಳ್ಳು ಹೇಳಿಬಿಡುತ್ತೇನೆ. ನಾಲ್ಕು ತಿಂಗಳಿಂದ ಆಗುತ್ತಿರುವುದು ಅದೇ. ಕಾಗದದಲ್ಲಿ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ.

ಮೊದಲು ಸುಳ್ಳನ್ನು ಒಪ್ಪಿಕೊಂಡು ಹಗುರಾಗುತ್ತೇನೆ. ನನ್ನ ಮೊಣಕಾಲಿಗೆ ಏನೂ ಆಗಿಲ್ಲ. ನಿನ್ನ ಹೆರಿಗೆ ರಜೆ ಮುಗಿಯುವ ಹೊತ್ತಿಗೆ ಬಂದು ಕೂಸನ್ನು ನೋಡಿಕೊಳ್ಳುತ್ತೇನೆ ಅಂತ ನಾನೇ ಬಾಯಿ ಬಿಟ್ಟು ಹೇಳಿದ್ದೆ. ಆಮೇಲೆ ಡಾಕ್ಟರು ಮೆಟ್ಟಿಲು ಹತ್ತಬಾರದು ಅಂದಿದ್ದಾರೆ ಅಂದೆ. ನೀನು ಎರಡು ಸಲ ರಜೆ ಮುಂದುವರಿಸಿದೆ. ಅಳಿಯಂದಿರು ಒಂದು ಕೈಯಲ್ಲಿ ಹಾಲಿನ ಬಾಟಲಿ, ಇನ್ನೊಂದು ಕೈಯಲ್ಲಿ ಲ್ಯಾಪ್‌ಟಾಪ್ ಹಿಡಿದು ಒದ್ದಾಡಿದರು. ಬರುವ ಸೋಮವಾರ ನೀನು ಕೆಲಸಕ್ಕೆ ಹೋಗಲೇಬೇಕು, ಇನ್ನು ರಜೆ ಇಲ್ಲ. ಇದೆಲ್ಲ ಗೊತ್ತಿದ್ದೂ ನಾನು ದಿನಾ ನಲವತ್ತೆರಡು ಮೆಟ್ಟಿಲು ಹತ್ತಿ ಇಳಿಯುತ್ತಿದ್ದೇನೆ. ಆ ಮೆಟ್ಟಿಲುಗಳ ತುದಿಯಲ್ಲಿ ಸುಗಂಧ ತಯಾರಿಸುವ ಒಂದು ಸಣ್ಣ ಕಾರ್ಖಾನೆ ಇದೆ. ನಾನು ಅಲ್ಲಿ ಕೆಲಸಕ್ಕಿದ್ದೇನೆ.

ಈಗ ಒಂದು ಲೋಟ ನೀರು ಕುಡಿ. ಕುಡಿದು ಮುಂದೆ ಓದು.

ಆಸ್ಪತ್ರೆಯ ಲಾಂಡ್ರಿಯಿಂದ ನಿವೃತ್ತಿಯಾದ ಮೂರೇ ವಾರಕ್ಕೆ ನಾನು ಮನೆಯ ಪರದೆಗಳನ್ನು ಎರಡೆರಡು ಸಲ ಒಗೆದಿದ್ದೆ. ಸೋಫಾದ ಹೊದಿಕೆ, ಕಾಲೊರಸು, ಹಳೆಯ ಕೊಡೆಯ ಬಟ್ಟೆ, ಯಾವುದನ್ನೂ ಬಿಡಲಿಲ್ಲ. ನಿಮ್ಮಪ್ಪ ಕೈಮುಗಿದು, "ಲೇ, ಇನ್ನು ಉಳಿದಿರೋನು ನಾನೊಬ್ಬ. ನನ್ನನ್ನ ನೆನೆಹಾಕ್ಬೇಡ" ಅಂದರು. ಅವರ ಕನ್ನಡಕದ ಕಡ್ಡಿ ಮುರಿದಿತ್ತು. ಸರಿಮಾಡಿಸಲು ಮಾರುಕಟ್ಟೆಯ ಹಿಂದಿನ ಓಣಿಗೆ ಹೋದೆ. ಕನ್ನಡಕದ ಅಂಗಡಿಯ ಪಕ್ಕದ ಮೆಟ್ಟಿಲಿನಿಂದ ಒಂದು ಪರಿಮಳ ಇಳಿದು ಬಂತು ನೋಡು, ನಾನು ಕನ್ನಡಕ ಮರೆತು ಮೇಲೆ ಹತ್ತಿಬಿಟ್ಟೆ. ಬಾಗಿಲಿಗೆ ಒಂದು ಚೀಟಿ: "ಲೇಬಲ್ ಅಂಟಿಸಲು ಜನ ಬೇಕು."

ಆ ಕಾರ್ಖಾನೆಯ ಒಡತಿ ನಿನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಸುಗಂಧಗಳನ್ನು ಬೆರೆಸುವವಳೂ ಅವಳೇ. ಅಲ್ಲಿನ ನಾವು ನಾಲ್ಕು ಜನ ಹಿಂದಿನಿಂದ ಅವಳನ್ನು ಮೂಗು ಮೇಡಂ ಅನ್ನುತ್ತೇವೆ. ಎದುರಿಗೆ ಬರೀ ಮೇಡಂ. ಕೋಪವೂ ಮೂಗಿನ ತುದಿಯಲ್ಲೇ. ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ ಮೊದಲ ಪ್ರಶ್ನೆ, "ಸೆಂಟ್ ಹಾಕ್ಕೊಂಡು ಬಂದಿದ್ದೀರಾ?"

"ಇಲ್ಲಮ್ಮ, ಹುಟ್ಟಿದಾಗಿನಿಂದ ಹಾಕಿಲ್ಲ" ಅಂದೆ.

"ಹಾಗಾದ್ರೆ ನಾಳೆಯಿಂದ ಬನ್ನಿ" ಅಂದಳು.

ಒಂದು ವಾರ ಬಾಟಲಿಗಳಿಗೆ ಲೇಬಲ್ ಅಂಟಿಸಿದೆ. ಎರಡನೇ ವಾರ ಅವಳು ಒಂದು ತಗಡಿನ ಡಬ್ಬಿ ತೆರೆದಳು. ಪುಟ್ಟಿ, ಅದನ್ನು ಹೇಗೆ ಬರೆಯಲಿ! ಒಳಗೆ ಕಪ್ಪಗೆ, ಎಣ್ಣೆ ಸವರಿದಂತೆ ಮಿನುಗುವ, ನನ್ನ ಗೇಣುದ್ದದ ಕಾಯಿಗಳು. ಸುಕ್ಕುಸುಕ್ಕು, ಮುದುಕರ ಬೆರಳಿನ ಹಾಗೆ. ಕೆಲವದರ ಮೇಲೆ ಮಂಜು ಕೂತಂತೆ ಬಿಳಿ ಹರಳು. ಇದೇ ವೆನಿಲ್ಲಾ ಅಂದಳು. ನಾನು ನಕ್ಕುಬಿಟ್ಟೆ. ನನಗೆ ಗೊತ್ತಿದ್ದ ವೆನಿಲ್ಲಾ ಐಸ್‌ಕ್ರೀಮಿನ ಬಿಳಿ ಬಣ್ಣದ್ದು, ಅಂಗಡಿಯಲ್ಲಿ ಬೇರೆ ಯಾವುದೂ ಉಳಿದಿಲ್ಲ ಅಂದಾಗ ಕೊಳ್ಳುವಂಥದ್ದು. ಅವಳು ಒಂದು ಕಾಯಿಯನ್ನು ಉದ್ದಕ್ಕೆ ಸೀಳಿ ನನ್ನ ಮೂಗಿನ ಹತ್ತಿರ ಹಿಡಿದಳು. ಸಿಹಿ ಇತ್ತು, ಹೌದು. ಆದರೆ ಸಿಹಿಯ ಹಿಂದೆ ಹಳೆಯ ಚರ್ಮದ ಚೀಲ, ಒಣದ್ರಾಕ್ಷಿ, ಮರಗೆಲಸದವನ ಅಂಗಡಿ, ತಣ್ಣಗಾದ ಒಲೆಯ ಹೊಗೆ, ಒಂದರ ಹಿಂದೆ ಒಂದು ಸರದಿಯಲ್ಲಿ ನಿಂತಿದ್ದವು. ಆಮೇಲೆ ಒಂದು ಗಾಜಿನ ಜಾಡಿಯಿಂದ ಬಿಳಿ ಪುಡಿ ತೋರಿಸಿದಳು. ಕಾಯಿಯೊಳಗಿನ ಸಿಹಿಯನ್ನು ಮಾತ್ರ ಬೇರೆಯಾಗಿ ತಯಾರಿಸಿದ್ದಂತೆ ಅದು. ಅದರಲ್ಲಿ ಸರದಿ ಇರಲಿಲ್ಲ, ಸಿಹಿ ಒಂದೇ, ನೇರವಾಗಿ ಮುಖಕ್ಕೆ.

"ಎಷ್ಟು ವಾಸನೆ ಬಂತು ನಿಮಗೆ?" ಅಂದಳು. ನಾನು ಎಲ್ಲವನ್ನೂ ಎಣಿಸಿ ಹೇಳಿದೆ. ಅವಳು ಮೂಗಿನ ಮೇಲೆ ಬೆರಳಿಟ್ಟಳು. ಎಲ್ಲಿ ಕಲಿತಿರಿ ಅಂದಳು. ಎಲ್ಲೂ ಕಲಿತಿಲ್ಲ, ಮೂವತ್ತೊಂದು ವರ್ಷ ಆಸ್ಪತ್ರೆಯ ಬಟ್ಟೆ ಒಗೆದಿದ್ದೇನೆ ಅಂದೆ.

ಇದನ್ನು ನಿನಗೂ ಹೇಳಿರಲಿಲ್ಲ, ಅಲ್ಲವೇ? ಒಗೆಯುವ ಮುಂಚೆ ಬಟ್ಟೆಗಳನ್ನು ವಿಂಗಡಿಸುವುದು ನನ್ನ ಕೆಲಸ. ದಿಂಬಿನ ಚೀಲ ಕೈಗೆ ಬಂದರೆ ಸಾಕು, ಜ್ವರದ ಬೆವರೋ ಭಯದ ಬೆವರೋ ಹೇಳುತ್ತಿದ್ದೆ. ಯಾವ ಕಲೆಗೆ ಯಾವ ನೀರು ಅಂತ ಎಲ್ಲರೂ ಕಲಿಯುತ್ತಾರೆ. ಯಾವ ವಾಸನೆ ಮೂರು ಸಲ ಒಗೆದರೂ ಹೋಗುವುದಿಲ್ಲ ಅನ್ನುವುದು ನನ್ನ ಮೂಗಿಗೇ ಗೊತ್ತಿತ್ತು. ಅಲ್ಲಿ ಅದಕ್ಕೆ ಯಾರೂ ಬೆಲೆ ಕಟ್ಟಲಿಲ್ಲ, ನಾನೂ ಕಟ್ಟಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಮೇಡಂ ಒಂದು ವರ್ಷ ಹೆಣಗಿ ವೆನಿಲ್ಲಾದ ಒಂದು ಸುಗಂಧ ಮಾಡಿದ್ದಳು. ಮೂವತ್ತು ಅಂಗಡಿಗಳಿಗೆ ಸರಕು ಆರಿಸುವ ಒಬ್ಬ ಹೆಂಗಸು ಎರಡು ತಿಂಗಳ ಹಿಂದೆ ಅದನ್ನು ನೋಡಲು ಬಂದರು. ಅವರನ್ನು ನಾವು ಖರೀದಿಯಮ್ಮ ಅನ್ನುತ್ತೇವೆ. ಸುಗಂಧದಲ್ಲಿ ಅದ್ದಿದ ಕಾಗದದ ಪಟ್ಟಿಯನ್ನು ಮೂಗಿಗೆ ಹಿಡಿದು ಮೂರು ಎಣಿಸುವುದರೊಳಗೆ ಕೆಳಗಿಟ್ಟರು. "ನಾನು ಕೇಕ್ ಕೇಳಿರ್ಲಿಲ್ಲ. ಇದು ಕೇಕ್" ಅಂದು ಚೀಲ ಎತ್ತಿಕೊಂಡು ಹೊರಟರು. ಮೇಡಂ ಬೇಡಿಕೊಂಡು ಇನ್ನೊಂದು ಅವಕಾಶ ಪಡೆದಳು. ಅದೂ ತಪ್ಪಿದರೆ ಬಾಗಿಲು ಹಾಕಿ, ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಹೋಗಿ, ನೆಲ ಒರೆಸುವ ದ್ರಾವಣಕ್ಕೆ ನಿಂಬೆಯ ವಾಸನೆ ಬೆರೆಸಿಕೊಂಡಿರುತ್ತೇನೆ ಅಂದಳು.

ಸುಮ್ಮನಿರಲು ನನ್ನಿಂದಾಗಲಿಲ್ಲ. ಉಳಿದಿದ್ದ ಒಂದು ಸಣ್ಣ ಬಾಟಲಿಯನ್ನು ಕೇಳಿ ಮನೆಗೆ ತಂದು ನಿಮ್ಮಪ್ಪನ ದಿಂಬಿನ ಚೀಲಕ್ಕೆ ಎರಡು ಹನಿ ಹಾಕಿದೆ. ಕೇಳಿದರೆ ಬೇಡ ಅನ್ನುತ್ತಾರೆಂದು ಹೇಳಲಿಲ್ಲ. ಬೆಳಿಗ್ಗೆ ಏಳು ಗಂಟೆಯಾದರೂ ಮನುಷ್ಯ ಏಳುತ್ತಿಲ್ಲ. ಮೂವತ್ತೈದು ವರ್ಷ ಮೊದಲ ಬಸ್ಸು ಓಡಿಸಿದವರು, ಅಲಾರಂ ಇಲ್ಲದೆ ನಾಲ್ಕಕ್ಕೆ ಏಳುವವರು, ದಿಂಬಿಗೆ ಮುಖ ಹೂತು ಮಲಗಿದ್ದಾರೆ. ಅಲುಗಾಡಿಸಿದರೆ, "ಇನ್ನೊಂದ್ ಐದು ನಿಮಿಷ ಕಣೇ. ಏನೋ ಚೆನ್ನಾಗಿದೆ ಇವತ್ತು" ಅಂದರು. ದಿಂಬು ಕಸಿದುಕೊಂಡು ಮೂಸಿ ನೋಡಿದೆ. ಕೇಕ್ ಎಲ್ಲಿದೆ? ಇಲ್ಲವೇ ಇಲ್ಲ! ಬಿಸಿಲಲ್ಲಿ ಕಾದ ಮರದ ಹಾಗೆ, ಆಗತಾನೇ ಎದ್ದವರ ಕುತ್ತಿಗೆಯ ಹಾಗೆ ಬೆಚ್ಚಗಿನ ಒಂದು ಪರಿಮಳ. ನಾನು ಹಲ್ಲುಜ್ಜದೆ, ತಲೆ ಬಾಚದೆ, ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಕಾರ್ಖಾನೆಗೆ ಓಡಿದೆ.

ಆಮೇಲೆ ಮೇಡಂ ವಿವರಿಸಿದಳು. ಸುಗಂಧದಲ್ಲಿ ಕಿತ್ತಲೆ, ನಿಂಬೆ ಮುಂತಾದವು ಮೊದಲು ಹಾರಿಹೋಗುತ್ತವೆ, ಹೂವುಗಳು ಸ್ವಲ್ಪ ಹೊತ್ತು ನಿಲ್ಲುತ್ತವೆ, ಮರ, ಧೂಪದಂಥ ಅಂಟು, ವೆನಿಲ್ಲಾ ಕೊನೆಯವರೆಗೆ ಉಳಿಯುತ್ತವೆ. ಅದು ನನಗೆ ಓದದೆಯೇ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ ಅಷ್ಟೇ. "ಮೇಡಂ, ನಿಮ್ಮ ವೆನಿಲ್ಲಾಗೇನೂ ದೋಷ ಇಲ್ಲ. ಸಿಹಿ ಎಲ್ಲರಿಗಿಂತ ಮುಂಚೆ ಓಡಿಬಂದು ಬಾಗಿಲಲ್ಲಿ ನಿಂತುಬಿಡುತ್ತೆ. ಅದರ ಕೈ ಹಿಡಿದು ಹಿಂದೆ ನಿಲ್ಲಿಸಿ" ಅಂದೆ. ಅವಳು ಮುಖ ಗಂಟಿಕ್ಕಿಕೊಂಡು ಕೇಳಿಸಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಬಾದಾಮಿಯ ಸಾರವನ್ನು ಪೂರಾ ತೆಗೆದಿದ್ದಳು, ಬಿಳಿ ಪುಡಿಯನ್ನು ಕಾಲುಭಾಗಕ್ಕೆ ಇಳಿಸಿದ್ದಳು.

ಅಲ್ಲಿಂದ ಹದಿನಾಲ್ಕು ಪ್ರಯೋಗ. ಪ್ರತಿಯೊಂದನ್ನೂ ನಾನು ಹತ್ತಿಯ ಸ್ಕಾರ್ಫಿಗೆ ಹಾಕಿಕೊಂಡು ಒಂದಿಡೀ ದಿನ ಓಡಾಡಿ, ಮರುದಿನ ವರದಿ ಒಪ್ಪಿಸಬೇಕು. ಮೂರನೆಯದು ಹಾಳಾದದ್ದು ನನ್ನಿಂದಲೇ. ಸ್ಕಾರ್ಫನ್ನು ಮನೆಯ ಸೋಪಿನ ಪುಡಿಯಲ್ಲಿ ಒಗೆದಿದ್ದೆ, ಅದರ ಮಲ್ಲಿಗೆ ಬಂದು ವೆನಿಲ್ಲಾದ ಮೇಲೆ ಕೂತಿತ್ತು. ಮೇಡಂ ಬೈದಳು. ಅಂದಿನಿಂದ ಆಸ್ಪತ್ರೆಯ ಪದ್ಧತಿ, ಬರೀ ಕುದಿಯುವ ನೀರು, ಬಿಸಿಲು. ಒಂಬತ್ತನೆಯದರಲ್ಲಿ ಹೊಗೆಯ ವಾಸನೆಯ ಎಣ್ಣೆ ಒಂದು ಹನಿ ಹೆಚ್ಚಾಗಿತ್ತು. ನಿಮ್ಮಪ್ಪ ನಾನು ಹತ್ತಿರ ಬಂದಾಗಲೆಲ್ಲ ಎದ್ದು ಹೋಗಿ ಅಡುಗೆಮನೆಯ ಗ್ಯಾಸ್ ಆರಿದೆಯೋ ಇಲ್ಲವೋ ನೋಡಿಬರುತ್ತಿದ್ದರು. ಹನ್ನೆರಡನೆಯದಕ್ಕೆ ಕಹಿ ಕಿತ್ತಲೆಯ ಸಿಪ್ಪೆ ಸೇರಿತು. ಹದಿನಾಲ್ಕಕ್ಕೆ ಕಾಳುಮೆಣಸಿನ ಒಂದು ಸುಳಿವು. ಅದು ಸಿಕ್ಕ ದಿನ ಮೇಡಂ ನನ್ನ ಸ್ಕಾರ್ಫಿನ ತುದಿ ಹಿಡಿದು ಮೂಸಿದಳು, ಬಿಟ್ಟಳು, ಮತ್ತೆ ಹಿಡಿದಳು. ಆಮೇಲೆ ನನ್ನನ್ನು ತಬ್ಬಿಕೊಂಡಳು. ಎಲುಬು ಮುರಿಯುತ್ತದೇನೋ ಅಂದುಕೊಂಡೆ.

ಇವತ್ತು ಹನ್ನೊಂದು ಗಂಟೆಗೆ ಖರೀದಿಯಮ್ಮ ಬರುತ್ತಾರೆ. ಕಾಗದದ ಪಟ್ಟಿಯ ಬದಲು ಒಂದು ದಿನ ಹಳೆಯ ಬಟ್ಟೆ ಕೊಡೋಣ ಅಂತ ನಾನು ಎಷ್ಟು ಹೇಳಿದರೂ ಮೇಡಂ ಒಪ್ಪಲಿಲ್ಲ. "ಅಮ್ಮಾ, ಹಾಕ್ಕೊಂಡ ಬಟ್ಟೇನ ಕೊಡೋದಾ? ನಮ್ಮ ಮರ್ಯಾದೆ ಏನಾಗ್ಬೇಕು?" ಅಂದಳು. ನೀವು ಲೇಬಲ್ ಕೋಣೆಯಲ್ಲೇ ಇರಿ ಅಂತಲೂ ಹೇಳಿದ್ದಾಳೆ. ಇರುತ್ತೇನೆ. ನಿನ್ನೆ ಹಾಕಿಕೊಂಡ ಸ್ಕಾರ್ಫು ಮಾತ್ರ ಇನ್ನೂ ಕುತ್ತಿಗೆಯಲ್ಲೇ ಇದೆ, ಸುಮ್ಮನೆ. ಉಳಿದದ್ದು ಬಂದು ಬರೆಯುತ್ತೇನೆ.

ಅದೇ ದಿನ, ಮಧ್ಯಾಹ್ನ ಮೂರೂವರೆ

ಪುಟ್ಟೀ! ಅಕ್ಷರ ಓಡಿಹೋದರೆ ಹಿಡಿದುಕೊಂಡು ಓದು.

ಖರೀದಿಯಮ್ಮ ಹನ್ನೊಂದಕ್ಕೆ ಐದು ನಿಮಿಷ ಮುಂಚೆಯೇ ಬಂದರು. ನಾನು ಲೇಬಲ್ ಕೋಣೆಯ ಬಾಗಿಲ ಸಂದಿನಲ್ಲಿ ಕಣ್ಣಿಟ್ಟಿದ್ದೆ. ಮೇಡಂ ಪಟ್ಟಿ ಅದ್ದಿ ಕೊಟ್ಟಳು. ಅವರು ಮೂಸಿದರು. ಈ ಸಲ ಮೂರರ ಬದಲು ಹತ್ತು ಎಣಿಸುವಷ್ಟು ಹೊತ್ತು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. "ಮೊದಲಿಗಿಂತ ವಾಸಿ. ಆದ್ರೆ ವೆನಿಲ್ಲಾ ಅಂದ್ರೆ ವೆನಿಲ್ಲಾನೇ. ಮಕ್ಕಳ ವಸ್ತು. ನಮ್ಮಲ್ಲಿಗೆ ಬರೋರು ದೊಡ್ಡವರು" ಅಂದರು. ಪಟ್ಟಿಯನ್ನು ಮೇಜಿನ ಮೇಲಿಟ್ಟು ಚೀಲದ ಹಿಡಿಗೆ ಕೈ ಹಾಕಿದರು. ಮೇಡಂ ಕಿವಿ ಕೆಂಪಾದದ್ದು ನನಗೆ ಅಲ್ಲಿಂದಲೇ ಕಂಡಿತು.

ನನ್ನ ಕಾಲು ನನ್ನನ್ನು ಕೇಳಲಿಲ್ಲ. ಹೊರಗೆ ಬಂದುಬಿಟ್ಟಿದ್ದೆ. ಕೈಯಲ್ಲಿ ಇನ್ನೂ ಅಂಟಿನ ಡಬ್ಬಿ. ಅದನ್ನು ಖರೀದಿಯಮ್ಮನ ಮುಂದೆಯೇ ಕುಕ್ಕಿ, ಕುತ್ತಿಗೆಯಿಂದ ಸ್ಕಾರ್ಫು ಬಿಚ್ಚಿ ಚಾಚಿದೆ.

"ಒಂದು ನಿಮಿಷ ಇದನ್ನ ನೋಡಿ" ಅಂದೆ.

ಅವರು ಹಿಂದೆ ಸರಿದರು. "ಯಾರದಿದು?"

"ನಂದೇ. ನಿನ್ನೆ ಬೆಳಿಗ್ಗೆಯಿಂದ ಹಾಕ್ಕೊಂಡಿದೀನಿ. ಬಸ್ಸಲ್ಲಿ ಹೋಗಿದೀನಿ, ಪಾತ್ರೆ ತೊಳೆದಿದೀನಿ, ನಿದ್ದೆ ಮಾಡಿದೀನಿ."

"ಅಮ್ಮಾ, ಒಳಗೆ ಹೋಗಿ" ಅಂತ ಮೇಡಂ ಹಲ್ಲು ಕಚ್ಚಿಕೊಂಡು ಹೇಳಿದಳು. ನಾನು ಕೈ ಹಿಂದೆ ತೆಗೆಯಲಿಲ್ಲ. ಬೆಂಕಿಗೆ ಕೈ ಹಾಕಿದ ಹಾಗಿತ್ತು, ಆದರೆ ಹಾಕಿಯಾಗಿತ್ತಲ್ಲ. "ಪಟ್ಟಿ ಮೂಸೋದು ಒಂದು ನಿಮಿಷ. ಕೊಂಡವರು ಅದರ ಜೊತೆ ಒಂದು ದಿನ ಇರ್ತಾರೆ" ಅಂದೆ.

ಮರ್ಯಾದೆಗಾಗಿಯೋ ಏನೋ, ಎರಡು ಬೆರಳಲ್ಲಿ ತುದಿ ಹಿಡಿದುಕೊಂಡರು. ಮೂಗಿನಿಂದ ಒಂದು ಗೇಣು ದೂರದಲ್ಲಿ ಹಿಡಿದರು. ಆಮೇಲೆ ಅರ್ಧ ಗೇಣು. ಆಮೇಲೆ, ಪುಟ್ಟಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಮುಖಕ್ಕೇ ಒತ್ತಿಕೊಂಡರು!

"ಇದು ಅದೇನಾ?" ಅಂದರು.

"ಅದೇ. ಒಂದು ದಿನ ವಯಸ್ಸಾಗಿದೆ ಅಷ್ಟೆ" ಅಂದೆ.

ಅವರು ಹೊಗಳಲಿಲ್ಲ, ನಗಲೂ ಇಲ್ಲ. ಕೂತರು. ಬಾಟಲಿ ಎಷ್ಟು ದೊಡ್ಡದು, ಮುಚ್ಚಳ ಯಾವ ಬಣ್ಣ, ತಿಂಗಳಿಗೆ ಎಷ್ಟು ತಯಾರಿಸಬಲ್ಲಿರಿ ಅಂತ ಮೇಡಂ ಹತ್ತಿರ ಒಂದು ಗಂಟೆ ಮಾತಾಡಿದರು. ಅಷ್ಟು ಹೊತ್ತೂ ಸ್ಕಾರ್ಫನ್ನು ತಮ್ಮ ಎಡಗೈಗೆ ಸುತ್ತಿಕೊಂಡೇ ಇದ್ದರು, ಸುತ್ತಿದ್ದು ಅವರಿಗೇ ಗೊತ್ತಿದ್ದಂತೆ ಕಾಣಲಿಲ್ಲ. ಮೂವತ್ತು ಅಂಗಡಿಗೂ ಬೇಕಂತೆ. ಅಂಗಡಿಯಲ್ಲಿ ಪಟ್ಟಿ ಇಡುವುದಿಲ್ಲವಂತೆ, ಹಿಂದಿನ ದಿನ ಹಾಕಿಟ್ಟ ಬಟ್ಟೆಯ ತುಂಡು ಇಡುತ್ತಾರಂತೆ. ಅವರು ಮೆಟ್ಟಿಲು ಇಳಿಯುವಾಗ ನಾನು ಸ್ಕಾರ್ಫು ಕೇಳಬೇಕೆಂದುಕೊಂಡೆ. ಮೇಡಂ ನನ್ನ ಕೈ ಚಿವುಟಿದಳು. ಅವರು ಅದರೊಂದಿಗೇ ಕಾರು ಹತ್ತಿದರು.

ಕಾರು ತಿರುವು ದಾಟಿದ ಮೇಲೆ ನಾವು ಐದು ಜನ ಆ ಇಕ್ಕಟ್ಟಿನ ಕೋಣೆಯಲ್ಲಿ ಕುಣಿದೆವು. ಕೆಳಗಿನ ಕನ್ನಡಕದವರು ಚಾವಣಿ ಬೀಳುತ್ತದೆಂದು ಮೇಲೆ ಓಡಿಬಂದರು, ಅವರನ್ನೂ ಕುಣಿಸಿದೆವು. ಮೇಡಂ ಉಸಿರು ಎಳೆದುಕೊಳ್ಳುತ್ತಾ, "ನಾಳೆಯಿಂದ ಲೇಬಲ್ ಮುಟ್ಟಿದ್ರೆ ನೋಡಿ! ನೀವು ನನ್ನ ಪಕ್ಕದಲ್ಲಿ ಕೂತ್ಕೋಬೇಕು" ಅಂದಳು. ಕಿಟಕಿಯ ಹತ್ತಿರ ಎರಡನೇ ಕುರ್ಚಿ ಹಾಕಿಸಿಯೇ ಬಿಟ್ಟಿದ್ದಾಳೆ. ಬೆಳಕು ಎಡಗಡೆಯಿಂದ ಬೀಳುತ್ತದೆ.

ಪುಟ್ಟಿ, ಈಗ ಕಷ್ಟದ ಮಾತು. ನಾನು ನಿನ್ನ ಮನೆಗೆ ಇರಲು ಬರುವುದಿಲ್ಲ. ಪ್ರತಿ ಶನಿವಾರ ಬಂದು ಕೂಸನ್ನು ಎತ್ತಿಕೊಳ್ಳುತ್ತೇನೆ, ಭಾನುವಾರ ಸಂಜೆ ಹೊರಡುತ್ತೇನೆ. ಉಳಿದ ದಿನಗಳಿಗೆ ನನಗೆ ಆ ಕುರ್ಚಿ ಬೇಕು. ಇದನ್ನು ಹೇಳಲು ನಾಲ್ಕು ತಿಂಗಳು ಸುಳ್ಳು ಹೇಳಿದ್ದು ಯಾಕೆಂದು ನೀನು ಕೇಳುತ್ತೀಯ. ಕೋಪ ಮಾಡಿಕೊಳ್ಳುತ್ತೀಯೆಂದು ಹೆದರಿದೆ ಅಂದರೆ ಅರ್ಧ ನಿಜ. ಉಳಿದರ್ಧ, ನೀನು ನಗುತ್ತೀಯೆಂದು ಹೆದರಿದೆ. ನೀನು ಎಂಟನೇ ತರಗತಿಯಲ್ಲಿದ್ದಾಗ, ಅಮ್ಮಾ, ಶಾಲೆಗೆ ಬರುವ ಮುಂಚೆ ಬಟ್ಟೆ ಬದಲಾಯಿಸಿಕೊಂಡು ಬಾ, ನಿನ್ನ ಮೈಯಿಂದ ಬ್ಲೀಚ್ ವಾಸನೆ ಬರುತ್ತೆ, ಎಲ್ಲರೂ ತಿರುಗಿ ನೋಡ್ತಾರೆ ಅಂದಿದ್ದೆ. ತಪ್ಪಲ್ಲ, ಬರುತ್ತಿತ್ತು. ಎರಡು ಸಲ ಸ್ನಾನ ಮಾಡಿದರೂ ಬರುತ್ತಿತ್ತು. ಆಮೇಲೆ ನಾನು ನಿನ್ನ ಶಾಲೆಯ ಗೇಟಿನಿಂದಾಚೆಗೇ ನಿಲ್ಲುತ್ತಿದ್ದೆ, ಗಾಳಿ ಯಾವ ಕಡೆಗಿದೆ ನೋಡಿಕೊಂಡು. ಅಂಥ ಅಮ್ಮ ಸುಗಂಧ ಮಾಡಲು ಹೊರಟಿದ್ದಾಳೆ ಅಂದರೆ ಮಗಳು ಮೂಗು ಮುರಿಯುತ್ತಾಳೇನೋ ಅನ್ನಿಸಿತು. ಹದಿಮೂರು ವರ್ಷದ ಹುಡುಗಿ ಆಡಿದ ಮಾತನ್ನು ಇಷ್ಟು ವರ್ಷ ಇಟ್ಟುಕೊಂಡದ್ದು ನನ್ನ ದಡ್ಡತನ. ಬರೆದಾಯಿತು, ಹೋಯಿತು.

ಇವತ್ತು ಮನೆಗೆ ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಸ್ಕಾರ್ಫು ಹೋದರೂ ಪರಿಮಳ ಕುತ್ತಿಗೆಯಲ್ಲೇ ಉಳಿದಿತ್ತು. ಬೇರೆ ಸೀಟುಗಳು ಖಾಲಿ ಇದ್ದವು. ಕಾಲೇಜಿನ ಹುಡುಗಿಯೊಬ್ಬಳು ಬಂದು ನನ್ನ ಪಕ್ಕದಲ್ಲೇ ಕೂತಳು. ಎರಡು ನಿಲ್ದಾಣ ಕಳೆದ ಮೇಲೆ ತಡೆಯಲಾರದೆ, "ಆಂಟೀ, ಏನು ಹಾಕ್ಕೊಂಡಿದೀರಾ? ಎಲ್ಲಿ ಸಿಗುತ್ತೆ?" ಅಂದಳು. ಇನ್ನೆರಡು ತಿಂಗಳು ತಡಿ ಮಗಳೇ, ಮೂವತ್ತು ಕಡೆ ಸಿಗುತ್ತೆ ಅಂದೆ. ಅವಳು ನಂಬಲಿಲ್ಲ. ನನಗೇ ನಂಬಿಕೆ ಬಂದಿಲ್ಲ, ಅವಳಿಗೆಲ್ಲಿ?

ಬೈಯಬೇಕು ಅನ್ನಿಸಿದರೆ ಬೈದುಬಿಡು. ಬೈದು ಮುಗಿದ ಮೇಲೆ ಫೋನು ಮಾಡು.

ಕಾಲು ನೆಲಕ್ಕೆ ತಾಗದ,
ನಿನ್ನ ಅಮ್ಮ

ಮರೆತ ಮಾತು: ಸೋಮವಾರದಿಂದ ಕೂಸಿನ ಗತಿಯೇನು ಅಂತ ನೀನು ತಲೆ ಮೇಲೆ ಕೈ ಹೊತ್ತು ಕೂತಿರುತ್ತೀಯ. ಇಳಿಸು. ಈ ಲಕೋಟೆಯನ್ನು ನಿನ್ನ ಬಾಗಿಲ ಕೆಳಗಿನಿಂದ ತೂರಿಸಿದ್ದು ಅಂಚೆಯವನಲ್ಲ, ನಿಮ್ಮಪ್ಪ. ಪೂರ್ತಿ ಓದಿ ಮುಗಿಸುವವರೆಗೆ ಗಂಟೆ ಒತ್ತಬೇಡಿ ಅಂತ ನಾನೇ ಹೇಳಿ ಕಳಿಸಿದ್ದೇನೆ. ಎರಡು ತಿಂಗಳಿಂದ ಮನೆಯಲ್ಲಿ ಅಡುಗೆ ಅವರದ್ದೇ, ಗಂಜಿಯನ್ನು ಗಂಟಿಲ್ಲದೆ ಮಾಡುತ್ತಾರೆ. ಸೋಫಾದ ದಿಂಬಿಗೆ ಡೈಪರ್ ಹಾಕಿ ಹಾಕಿ ಕಲಿತಿದ್ದಾರೆ, ಈಗ ಒಂದು ನಿಮಿಷವೂ ಬೇಡ. ನಾನು ಹೋಗ್ತೀನಿ ಅಂದವರು ಅವರೇ, ನಾನು ಕೇಳಿದ್ದಲ್ಲ. ನೀನು ಸಣ್ಣವಳಿದ್ದಾಗ ಮೊದಲ ಬಸ್ಸಿಗೆ ಹೊರಟು ಕೊನೆಯ ಬಸ್ಸಿಗೆ ಬರುತ್ತಿದ್ದರಲ್ಲ, ನೀನು ನಡೆಯಲು ಕಲಿತದ್ದನ್ನು ಅವರು ನೋಡಲಿಲ್ಲವಂತೆ. ಈ ಸಲ ತಪ್ಪಿಸಿಕೊಳ್ಳುವುದಿಲ್ಲವಂತೆ. ಮೆಟ್ಟಿಲ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಕೂತಿರುತ್ತಾರೆ. ಬಾಗಿಲು ತೆಗಿ.